ಕಸದಿಂದ ರಸ ತೆಗೆಯುವ ಮೊದಲು: ಪಠ್ಯ ರೂಪಿಸುವವರಿಗೂ ಶಾಲೆ ನಡೆಸುವವರಿಗೂ ಒಂದು ಬಹಿರಂಗ ಪತ್ರ

ಪಠ್ಯಕ್ರಮ ರೂಪಿಸುವ ಹಿರಿಯರಿಗೆ, ಶಾಲೆಗಳ ಮುಖ್ಯಸ್ಥರಿಗೆ, ಮತ್ತು ಮಕ್ಕಳ ಪ್ರಾಜೆಕ್ಟುಗಳನ್ನು ರಾತ್ರಿ ಹನ್ನೊಂದಕ್ಕೆ ಕುಳಿತು ಮುಗಿಸುವ ನನ್ನಂಥ ಎಲ್ಲ ತಂದೆತಾಯಿಯರಿಗೆ,

ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ಕಳೆದ ವರ್ಷ ಮಗಳ ಶಾಲೆಯಿಂದ ಒಂದು ಸುತ್ತೋಲೆ ಬಂತು. ‘ಕಸದಿಂದ ರಸ’ ಪ್ರದರ್ಶನ. ಮನೆಯಲ್ಲಿ ಬೇಡವಾದ ವಸ್ತುಗಳಿಂದ ಒಂದು ಮಾದರಿ ಮಾಡಿ ಶುಕ್ರವಾರದೊಳಗೆ ತರಬೇಕು. ಗುರುವಾರ ಸಂಜೆ ಮಗಳು ಆ ಚೀಟಿಯನ್ನು ಚೀಲದ ತಳದಿಂದ ಹೊರತೆಗೆದಳು. ಅವಳಿಗೆ ರಾಕೆಟ್ ಮಾಡುವ ಆಸೆ. ರಾಕೆಟ್ಟಿಗೆ ಒದಗುವಂಥ ಕಸ ಮನೆಯಲ್ಲಿ ಇರಲಿಲ್ಲ. ನಾನು ಅಂಗಡಿಗೆ ಹೋಗಿ ದೊಡ್ಡದೊಂದು ತಂಪು ಪಾನೀಯದ ಬಾಟಲಿ ಕೊಂಡೆ. ಅರ್ಧ ಕುಡಿದೆವು, ಉಳಿದರ್ಧವನ್ನು ಸಿಂಕಿಗೆ ಸುರಿದೆ. ಜೊತೆಗೆ ಒಂದು ಥರ್ಮಾಕೋಲ್ ಹಾಳೆ, ಬೆಳ್ಳಿ ಬಣ್ಣದ ಮಿನುಗು ಪುಡಿ, ಗಟ್ಟಿ ಗೋಂದು, ಎರಡು ಬಣ್ಣದ ಹೊಳೆಯುವ ಕಾಗದ. ಹೀಗೆ ಕಸವನ್ನು ಕೊಂಡು ತಂದು ಅದರಿಂದ ರಸ ತೆಗೆದೆವು. ಎರಡನೆಯ ಬಹುಮಾನವೂ ಬಂತು. ಬಹುಮಾನ, ಪ್ಲಾಸ್ಟಿಕ್ ಹೊದಿಕೆಯೊಳಗಿನ ಒಂದು ಪ್ಲಾಸ್ಟಿಕ್ ಆಟಿಕೆ.

ರಾಕೆಟ್ ಮನೆಗೆ ಮರಳಿತು. ಹತ್ತು ದಿನ ಕಪಾಟಿನ ಮೇಲೆ ಧೂಳು ಹಿಡಿದು ಆಮೇಲೆ ಬುಟ್ಟಿ ಸೇರಿತು. ನನ್ನನ್ನು ಇಂದಿಗೂ ಕುಟುಕುವುದು ಅದರ ಮುಂದಿನ ಕಥೆ. ಬರಿಯ ಬಾಟಲಿಯಾಗಿದ್ದರೆ ಗುಜರಿಯವರು ಅದನ್ನು ಖುಷಿಯಿಂದ ಒಯ್ಯುತ್ತಿದ್ದರು; ಪ್ಲಾಸ್ಟಿಕ್ಕುಗಳಲ್ಲಿ ಕರಗಿಸಿ ಮತ್ತೆ ಬಳಸಲು ಸುಲಭವಾದದ್ದರಲ್ಲಿ ಅದೂ ಒಂದು. ಗೋಂದು, ಥರ್ಮಾಕೋಲ್, ಮಿನುಗು ಪುಡಿ ಎಲ್ಲ ಮೆತ್ತಿಕೊಂಡ ರಾಕೆಟ್ ಯಾರಿಗೂ ಬೇಡ. ಒಳ್ಳೆಯ ಕಸವನ್ನು ಕೆಟ್ಟ ಕಸ ಮಾಡುವುದು ಹೇಗೆಂದು ನನ್ನ ಮಗಳು ಪ್ರಮಾಣಪತ್ರದ ಸಮೇತ ಕಲಿತಳು.

ಶಾಲೆಯನ್ನು ದೂರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಆ ಶಿಕ್ಷಕಿ ಒಳ್ಳೆಯ ಮನಸ್ಸಿನಿಂದಲೇ ಸುತ್ತೋಲೆ ಕಳಿಸಿದ್ದರು. ಬಾಟಲಿ ಕೊಂಡವನು ನಾನು. ಆದರೆ ನಮ್ಮ ಪರಿಸರ ಪಾಠಗಳೆಲ್ಲ ಕಸದ ಬುಟ್ಟಿಯ ಹತ್ತಿರವೇ ಶುರುವಾಗುತ್ತವೆ ಎಂಬುದು ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಯಾವ ಬಣ್ಣದ ಬುಟ್ಟಿಗೆ ಯಾವುದು, ಹೊಂದಿಸಿ ಬರೆಯಿರಿ. ಬಿಟ್ಟ ಸ್ಥಳ ತುಂಬಿರಿ. ಕೋಟೆ ಲೂಟಿಯಾದ ಮೇಲೆ ಬಾಗಿಲು ಹಾಕುವುದು ಎನ್ನುತ್ತಾರಲ್ಲ, ಹಾಗೆ. ವಸ್ತು ಮನೆಯೊಳಕ್ಕೆ ಬಂದದ್ದು ಯಾಕೆ, ಅದನ್ನು ಕರೆದವರು ಯಾರು ಎಂಬ ಪ್ರಶ್ನೆಗೆ ಪಠ್ಯದಲ್ಲಿ ಒಂದು ಪುಟವೂ ಇಲ್ಲ. ಪಾಠ ಶುರುವಾಗಬೇಕಾದದ್ದು ಮಗುವಿನ ಬಾಯಿಂದ ‘ಬೇಕು’ ಎಂಬ ಮಾತು ಹೊರಡುವಲ್ಲಿ. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿಸ್ತಾರ.

ಮೊದಲಿಗೆ ಭಾಷೆಯ ಒಂದು ತಕರಾರು. ಪರಿಸರ ಪಾಠದ ಮೂರು ಸೂತ್ರಗಳು ನಮ್ಮಲ್ಲಿ ಬರುವುದು ‘ಮಿತಬಳಕೆ, ಮರುಬಳಕೆ, ಪುನರ್ಬಳಕೆ’ ಎಂದು. ಎರಡನೆಯದಕ್ಕೂ ಮೂರನೆಯದಕ್ಕೂ ಏನು ವ್ಯತ್ಯಾಸ ಎಂದು ಮಗಳು ಕೇಳಿದಳು. ಒಂದು ಕನ್ನಡ, ಇನ್ನೊಂದು ಸಂಸ್ಕೃತ ಎಂದು ನನ್ನ ಹೆಂಡತಿ ನಕ್ಕಳು. ನಗುವ ಮಾತೇ ಸರಿ, ಆದರೆ ಮಗುವಿಗೆ ಗೊಂದಲ ಹುಟ್ಟುವುದು ಅಲ್ಲಿಯೇ. ಖಾಲಿ ಡಬ್ಬಿಯನ್ನು ತೊಳೆದು ಗುಂಡಿಗಳನ್ನು ಹಾಕಿಡುವುದು ಒಂದು ಕೆಲಸ. ಅದೇ ಡಬ್ಬಿಯನ್ನು ಲಾರಿಯಲ್ಲಿ ಸಾಗಿಸಿ, ತೊಳೆದು, ಪುಡಿ ಮಾಡಿ, ಬೆಂಕಿಯಲ್ಲಿ ಕರಗಿಸಿ ಬೇರೊಂದು ವಸ್ತು ಮಾಡುವುದು ತೀರ ಬೇರೆಯ ಕೆಲಸ. ಮೊದಲನೆಯದಕ್ಕೆ ಬೇಕಾದದ್ದು ಒಂದು ಚೊಂಬು ನೀರು, ಎರಡನೆಯದಕ್ಕೆ ಒಂದು ಕಾರ್ಖಾನೆ. ಇವೆರಡನ್ನೂ ‘ಮರುಬಳಕೆ’ ಎಂದೇ ಕರೆಯುವ ರೂಢಿಯಿಂದ ಮಕ್ಕಳು ಎರಡೂ ಒಂದೇ ಎಂದುಕೊಳ್ಳುತ್ತಾರೆ. ‘ಮತ್ತೆ ಬಳಸು’, ‘ಕರಗಿಸಿ ಬಳಸು’ ಎಂದು ಬಿಡಿಸಿ ಹೇಳಿದರೆ ಪಠ್ಯಪುಸ್ತಕಕ್ಕೆ ಅವಮಾನವೇನೂ ಆಗುವುದಿಲ್ಲ.

ಇನ್ನು ಡಬ್ಬಿ ಬಾಟಲಿಗಳ ಮೇಲೆ ಕಾಣುವ, ‘ಕರಗಿಸಿ ಬಳಸು’ ಎಂಬುದರ ಗುರುತಾದ ಆ ಬಾಣಗಳ ತ್ರಿಕೋನ. ಒಂದರ ಬಾಲವನ್ನು ಒಂದು ಹಿಡಿದು ಸುತ್ತುವ ಮೂರು ಬಾಣಗಳ ಚಿಹ್ನೆಯನ್ನು 1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ 23 ವರ್ಷದ ಅಮೆರಿಕನ್ ವಿದ್ಯಾರ್ಥಿ ಒಂದು ಸ್ಪರ್ಧೆಗೆಂದು ಬಿಡಿಸಿದರು. ಸ್ಪರ್ಧೆ ನಡೆಸಿದ್ದು ರಟ್ಟಿನ ಪೆಟ್ಟಿಗೆ ತಯಾರಿಸುವ ಕಂಪನಿ. 1988ರಲ್ಲಿ ಅಲ್ಲಿನ ಪ್ಲಾಸ್ಟಿಕ್ ಉದ್ಯಮಿಗಳ ಸಂಘ ಅಂಥದ್ದೇ ಬಾಣಗಳ ನಡುವೆ 1ರಿಂದ 7ರವರೆಗಿನ ಅಂಕಿ ಕೂರಿಸಿತು. ಅಂಕಿ ಹೇಳುವುದು ಅದು ಯಾವ ಬಗೆಯ ಪ್ಲಾಸ್ಟಿಕ್ ಎಂಬುದನ್ನು ಮಾತ್ರ. ಕರಗಿಸಿ ಬಳಸಬಹುದು ಎಂಬ ಭರವಸೆ ಅದರಲ್ಲಿಲ್ಲ. ಜನ ತಪ್ಪು ತಿಳಿಯುತ್ತಾರೆಂದೇ 2013ರಲ್ಲಿ ಆ ಮಾನದಂಡವನ್ನು ತಿದ್ದಿ ಬಾಣಗಳ ಬದಲಿಗೆ ಬರಿಯ ತ್ರಿಕೋನ ಇಟ್ಟರು. ಹಳೆಯ ಬಾಣಗಳು ಮಾತ್ರ ಡಬ್ಬಿಗಳ ತಳದಲ್ಲಿ ಇನ್ನೂ ಸುತ್ತುತ್ತಲೇ ಇವೆ. ನನ್ನ ಮಗಳು ಬಾಣ ಕಂಡಲ್ಲೆಲ್ಲ ‘ಇದಕ್ಕೆ ಮರುಜನ್ಮ ಇದೆ’ ಎಂದು ನಿಶ್ಚಿಂತೆಯಿಂದ ಎಸೆಯುತ್ತಿದ್ದಳು. 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದದ್ದು ಸುಮಾರು 630 ಕೋಟಿ ಟನ್. ಆ ಕಸದಲ್ಲಿ ಮರುಜನ್ಮ ಪಡೆದದ್ದು ಶೇ 9ರಷ್ಟು. 2017ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕ ಇದು. ನೂರು ಮಕ್ಕಳು ಕುಳಿತ ಸಭಾಂಗಣದಲ್ಲಿ ಒಂಬತ್ತು ಮಂದಿಯನ್ನು ಎದ್ದು ನಿಲ್ಲಿಸಿ ಈ ಅಂಕಿಯನ್ನು ತೋರಿಸಿ ನೋಡಿ. ಭಿತ್ತಿಚಿತ್ರ ಬೇಕಾಗುವುದಿಲ್ಲ.

ರಾಕೆಟ್ಟಿನ ನಾಚಿಕೆಯಿಂದ ನಾವು ಮನೆಯಲ್ಲಿ ಮಾಡಿದ ಒಂದು ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ವಾರದ ಒಣ ಕಸವನ್ನು ಕೂಡಿಟ್ಟು, ಭಾನುವಾರ ಬೆಳಿಗ್ಗೆ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಸುರಿದೆವು. ಕಾಗದ ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ ಎಂದು ನಾನು ಶುರು ಮಾಡಿದೆ. ಮಗಳಿಗೆ ಅದು ಸಪ್ಪೆ ಎನಿಸಿತು. ‘ಯಾವುದು ಎಷ್ಟು ದಿನ ನಮ್ಮ ಮನೆಯಲ್ಲಿತ್ತು ಅಂತ ವಿಂಗಡಿಸೋಣ’ ಎಂದಳು. ನನಗೆ ಹೊಳೆಯದಿದ್ದದ್ದು ಅವಳಿಗೆ ಹೊಳೆದಿತ್ತು. ಮೂರು ರಾಶಿ ಮಾಡಿದೆವು: ಒಂದು ಗಂಟೆಯೂ ಇರದಿದ್ದದ್ದು, ಕೆಲವು ದಿನ ಇದ್ದದ್ದು, ವರ್ಷಗಟ್ಟಲೆ ಬಾಳಿದ್ದು. ಮೂರನೆಯ ರಾಶಿಯಲ್ಲಿ ಇದ್ದದ್ದು ಒಂದು ಹಲ್ಲುದುರಿದ ಬಾಚಣಿಗೆ ಮತ್ತು ಹಿಡಿ ಮುರಿದ ಒಂದು ಬಕೆಟ್ ಮಾತ್ರ. ಎರಡನೆಯದರಲ್ಲಿ ನಾಲ್ಕು ಪೆನ್ಸಿಲ್; ಒಂದೂ ನನ್ನ ತೋರುಬೆರಳಿಗಿಂತ ಗಿಡ್ಡವಾಗಿರಲಿಲ್ಲ. ಹದಿನೈದು ಪುಟ ಬರೆದು ಬಿಟ್ಟ ನೋಟ್‌ಬುಕ್. ತಲೆಯಲ್ಲಿ ಶಾಯಿ ಇನ್ನೂ ಒದ್ದೆಯಿದ್ದ ಸ್ಕೆಚ್ ಪೆನ್ನುಗಳು, ಮುಚ್ಚಳ ಮಾತ್ರ ಕಳೆದವು. ಮೊದಲನೆಯದು? ಅದು ಅವಳ ಮೊಣಕಾಲಿನ ಎತ್ತರಕ್ಕೆ ಬೆಳೆದಿತ್ತು. ರಟ್ಟಿನ ಪೆಟ್ಟಿಗೆಯೊಳಗೆ ರಟ್ಟಿನ ಪೆಟ್ಟಿಗೆ, ಅದರೊಳಗೆ ಗಾಳಿ ತುಂಬಿದ ಪ್ಲಾಸ್ಟಿಕ್, ಅದರೊಳಗೆ ಮುಷ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕ ವಸ್ತುವಿನ ಹೊದಿಕೆ. ಅವಳು ಒಂದೊಂದನ್ನೇ ಎತ್ತಿ, ‘ಇದರ ಒಳಗೆ ಏನಿತ್ತು?’ ಎಂದು ಕೇಳುತ್ತಾ ಹೋದಳು. ಅರ್ಧದಷ್ಟಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಕೊಂಡು ಏಳು ದಿನವೂ ಕಳೆದಿರಲಿಲ್ಲ, ಏನು ಕೊಂಡೆವೆಂದೇ ಮರೆತಿದ್ದೆವು.

ಜಗತ್ತಿನ ಪ್ಲಾಸ್ಟಿಕ್ ಕಸದಲ್ಲಿ ಶೇ 40ರಷ್ಟು ಬರಿಯ ಹೊದಿಕೆ ಮತ್ತು ಪೊಟ್ಟಣಗಳದ್ದೇ ಎಂದು ಎಷ್ಟೋ ಸಲ ಓದಿದ್ದೆ. ಓದಿ ಪುಟ ತಿರುಗಿಸಿದ್ದೆ. ಮೊಣಕಾಲೆತ್ತರದ ರಾಶಿ ಕಂಡಾಗಲೇ ಅದು ಅರ್ಥವಾದದ್ದು. ನಿಮ್ಮ ಪಾಠದಲ್ಲಿ ಈ ವಿಂಗಡಣೆಗೆ ಒಂದು ಅವಧಿ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಬುಟ್ಟಿಯ ಬಣ್ಣವನ್ನು ಮಕ್ಕಳು ಎರಡು ದಿನದಲ್ಲಿ ಕಲಿಯುತ್ತಾರೆ, ಅದಕ್ಕೆ ಇಡೀ ಅಧ್ಯಾಯ ಬೇಕಿಲ್ಲ.

ಹಸಿ ಕಸದ ಕಥೆ ಬೇರೆ. ಅಲ್ಲಿ ನಾವು ಸೋತು ಕಲಿತೆವು. ತಳದಲ್ಲಿ ತೂತು ಕೊರೆದ ಒಂದು ಡಬ್ಬಿಯಲ್ಲಿ ತರಕಾರಿ ಸಿಪ್ಪೆ ತುಂಬುತ್ತಾ ಹೋದೆವು. ಎರಡನೆಯ ವಾರಕ್ಕೆ ಅದು ಕೊಳೆತು ನಾರಿ, ಬಿಳಿ ಹುಳು ಬಿದ್ದು, ಪಕ್ಕದ ಮನೆಯವರು ಕಿಟಕಿ ಮುಚ್ಚುವಂತಾಯಿತು. ಮಗಳು ಮೂಗು ಮುಚ್ಚಿಕೊಂಡು, ಪ್ರಕೃತಿ ಅಂದರೆ ಇದೇನಾ ಎಂದಳು. ತಪ್ಪು ಪ್ರಕೃತಿಯದಲ್ಲ, ನಮ್ಮದು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಸಾರಜನಕದ ಜೊತೆಗೆ ಇಂಗಾಲವೂ ಬೇಕು, ಒಂದಕ್ಕೆ ಮೂವತ್ತರಷ್ಟು. ಸಿಪ್ಪೆಯಲ್ಲಿ ಅಷ್ಟು ಇಂಗಾಲ ಇಲ್ಲ, ಒಣಗಿದ ಎಲೆಯಲ್ಲಿ ಧಾರಾಳವಾಗಿದೆ. ಗಾಳಿಯೂ ಬೇಕು. ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ತರಗೆಲೆ ಎಂದು ಪದರ ಹಾಕಿ, ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕತೊಡಗಿದೆವು. ವಾರದಲ್ಲಿ ನಾತ ಹೋಯಿತು. ಒಂದು ಬೆಳಿಗ್ಗೆ ಮಗಳು ಡಬ್ಬಿಯೊಳಗೆ ಕೈಯಿಟ್ಟು ಥಟ್ಟನೆ ಹಿಂದಕ್ಕೆಳೆದುಕೊಂಡಳು. ಬಿಸಿ! ಯಾರೂ ಬೆಂಕಿ ಹಚ್ಚಿರಲಿಲ್ಲ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಉಣ್ಣುವಾಗ ಹುಟ್ಟುವ ಕಾವು ಅದು. ಅವಳ ಮುಖದಲ್ಲಿ ಆ ಹೊತ್ತು ಕಂಡ ಬೆರಗನ್ನು ಯಾವ ಘೋಷವಾಕ್ಯದ ಸ್ಪರ್ಧೆಯಲ್ಲೂ ನಾನು ಕಂಡಿಲ್ಲ. ಅದೇ ಸಿಪ್ಪೆ ಗಾಳಿಯಾಡದ ಕಸದ ಗುಡ್ಡದ ಅಡಿಯಲ್ಲಿ ಸಿಕ್ಕಿಕೊಂಡರೆ ಮೀಥೇನ್ ಆಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುವ ಅನಿಲ. ಡಬ್ಬಿಗೆ ಕೈಯಿಟ್ಟ ಮಗುವಿಗೆ ಇದನ್ನು ಎರಡು ಸಲ ಹೇಳಬೇಕಾಗುವುದಿಲ್ಲ.

ಆದರೆ ಗೊಬ್ಬರವಾಗುತ್ತದೆ ಎಂದು ತಟ್ಟೆಯಲ್ಲಿ ಬಿಡುವುದಕ್ಕೆ ಪರವಾನಗಿ ಸಿಗಬಾರದು. ನಮ್ಮ ಮನೆಯಲ್ಲಿ ಅದೂ ಆಯಿತು. ‘ಪರವಾಗಿಲ್ಲ ಅಪ್ಪ, ಡಬ್ಬಿಗೆ ಹಾಕೋಣ’ ಎಂದು ಅರ್ಧ ಊಟ ಬಿಟ್ಟೆದ್ದಳು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್, ಸಿಪ್ಪೆ ಮೂಳೆಯಂಥ ತಿನ್ನದ ಭಾಗವೂ ಸೇರಿ. ಅದರಲ್ಲಿ ಶೇ 60ರಷ್ಟು ಹೋದದ್ದು ಹೋಟೆಲುಗಳಿಂದಲ್ಲ, ಅಂಗಡಿಗಳಿಂದಲ್ಲ, ಮನೆಗಳಿಂದ. ಈಗ ನಮ್ಮಲ್ಲಿ ಮಗಳೇ ತನಗೆ ಬಡಿಸಿಕೊಳ್ಳುತ್ತಾಳೆ. ಮೊದಲ ಸಲ ಸ್ವಲ್ಪವೇ, ಬೇಕಿದ್ದರೆ ಮತ್ತೆ. ಪ್ರೀತಿಯನ್ನು ತಟ್ಟೆಯಲ್ಲಿ ರಾಶಿ ಹಾಕಿ ತೋರಿಸುವ ಅಭ್ಯಾಸ ಬಿಡುವುದು ನಮಗೆ, ದೊಡ್ಡವರಿಗೆ, ಅವಳಿಗಿಂತ ಕಷ್ಟವಾಯಿತು.

ಈಗ ‘ಬೇಕು’ ಎಂಬಲ್ಲಿಗೆ ಬರುತ್ತೇನೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟಾಣಿಗಳನ್ನು ಆಟಕ್ಕೆ ಬಿಟ್ಟು ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಮ್ಮೆ ಕೋಣೆಯಲ್ಲಿ 16 ಆಟಿಕೆ, ಇನ್ನೊಮ್ಮೆ ನಾಲ್ಕೇ. ನಾಲ್ಕು ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಆಡಿದರು, ಹೆಚ್ಚು ಬಗೆಯಲ್ಲಿ ಆಡಿದರು. ಮಕ್ಕಳನ್ನು ಬೆಳೆಸಿದ ಯಾರಿಗೂ ಇದು ಹೊಸ ಸುದ್ದಿಯಲ್ಲ. ಆದರೂ ಕಪಾಟು ತುಂಬಿಸುತ್ತೇವೆ, ಏಕೆಂದರೆ ಮಗು ಕೇಳುತ್ತದೆ. ಮಗು ಕೇಳುವುದು, ಕೇಳುವಂತೆ ಅದಕ್ಕೆ ಹಗಲಿಡೀ ಕಲಿಸುತ್ತಿರುವ ಇನ್ನೊಂದು ಶಾಲೆ ಪರದೆಯ ಮೇಲೆ ನಡೆಯುತ್ತಿರುವುದರಿಂದ. ಕೆನಡಾದ ಕ್ವಿಬೆಕ್ ಪ್ರಾಂತ್ಯ 13 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು 1980ರಲ್ಲೇ ನಿಷೇಧಿಸಿತು. ಸ್ವೀಡನ್ 12 ವರ್ಷದೊಳಗಿನವರಿಗಾಗಿ ಮಾಡಿದ ಟಿ.ವಿ. ಜಾಹೀರಾತುಗಳನ್ನು 1991ರಿಂದ ಬಿಡುವುದಿಲ್ಲ. ಕಾನೂನು ಮಾಡುವುದು ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಜಾಹೀರಾತನ್ನು ಓದಲು ಕಲಿಸುವುದು ನಿಮ್ಮ ಕೈಯಲ್ಲಿದೆ. ಪದ್ಯದ ಭಾವಾರ್ಥ ಬರೆಸುತ್ತೀರಲ್ಲ, ಒಂದು ಜಾಹೀರಾತಿನ ಭಾವಾರ್ಥ ಬರೆಸಿ. ಇದನ್ನು ಯಾರು, ಯಾರಿಗೆ ಹೇಳುತ್ತಿದ್ದಾರೆ? ಹೇಳದೆ ಬಿಟ್ಟದ್ದೇನು? ಹತ್ತು ವರ್ಷದ ಮಕ್ಕಳು ಇದರಲ್ಲಿ ನಮ್ಮನ್ನು ಮೀರಿಸುತ್ತಾರೆ.

ನಮ್ಮ ಮನೆಯಲ್ಲಿ ಒಂದು ‘ಬೇಕು’ ಪುಸ್ತಕ ಇದೆ. ಮೇಲೆ ಹೇಳಿದ, ಹದಿನೈದು ಪುಟ ಬರೆದು ಎಸೆದ ನೋಟ್‌ಬುಕ್ಕೇ. ಬೇಕೆನಿಸಿದ್ದನ್ನು ದಿನಾಂಕ ಹಾಕಿ ಬರೆಯಬೇಕು, ತಿಂಗಳು ಕಳೆದು ತೆರೆದು ನೋಡಬೇಕು. ಇನ್ನೂ ಬೇಕೆನಿಸಿದರೆ ಮಾತಾಡೋಣ, ಇದು ಒಪ್ಪಂದ. ಬರೆದ ಬಹುಪಾಲು ಬೇಕುಗಳನ್ನು ಅವಳೇ ಗೀಟು ಹಾಕಿ ಹೊಡೆದಿದ್ದಾಳೆ. ಒಂದರ ಮುಂದೆ, ‘ಇದು ಏನು ಅಂತ ನೆನಪಿಲ್ಲ’ ಎಂದು ಬರೆದಿದ್ದಾಳೆ. ದೂರದರ್ಶಕ ಮಾತ್ರ ನಾಲ್ಕು ತಿಂಗಳು ಗೀಟಿಲ್ಲದೆ ಉಳಿಯಿತು. ಕೊಡಿಸಿದೆವು. ದಿನವೂ ಬಳಕೆಯಲ್ಲಿದೆ. ಏನೂ ಕೊಳ್ಳಬೇಡ ಎಂದು ಮಕ್ಕಳಿಗೆ ಹೇಳುವವನಲ್ಲ ನಾನು. ಆಸೆಗೂ ಕೊಳ್ಳುವ ಗಳಿಗೆಗೂ ನಡುವೆ ಸ್ವಲ್ಪ ಅಂತರ ಇರಲಿ ಎಂಬುದಷ್ಟೇ ನನ್ನ ಬೇಡಿಕೆ.

ಒಂದು ದಿನ ಅದೇ ಪುಸ್ತಕದಲ್ಲಿ ನನ್ನ ಹೆಸರಿನಲ್ಲೂ ಒಂದು ಪುಟ ಕಂಡೆ. ಅಪ್ಪನ ಹೊಸ ಮೊಬೈಲ್, ದಿನಾಂಕ, ಮುಂದೆ ಪ್ರಶ್ನಾರ್ಥಕ ಚಿಹ್ನೆ. ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಹಳೆಯ ಮೊಬೈಲ್ ಮೂರು, ಚಾರ್ಜರ್ ಆರು, ತಲೆಬುಡ ಸಿಗದ ವಯರುಗಳ ಗಂಟು ಒಂದು, ಎಲ್ಲವನ್ನೂ ಎಣಿಸಿ ಬರೆದಿದ್ದಳು. ಜಗತ್ತಿನಲ್ಲಿ 2022ರಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಸಂಸ್ಕರಣೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ನನ್ನ ಖಾನೆ ಉಳಿದ ಪಾಲಿನದು. ಊರಿಗೆ ಉಪದೇಶ ಹೇಳುವವನ ಕಿವಿ ಹಿಂಡಲು ಮನೆಯಲ್ಲೇ ಒಬ್ಬಳಿದ್ದರೆ ಬಹಳ ಉಪಕಾರವಾಗುತ್ತದೆ, ಸ್ವಲ್ಪ ನೋವೂ ಆಗುತ್ತದೆ.

ಇದೇ ಸಂದರ್ಭದಲ್ಲಿ ಎರಡು ಎಚ್ಚರಿಕೆಯ ಮಾತು. ಭೂಮಿ ಮುಳುಗುತ್ತಿದೆ, ನೀನೇ ಉಳಿಸಬೇಕು ಎಂದು ಎಂಟು ವರ್ಷದ ಮಗುವಿನ ಹೆಗಲಿಗೆ ಏರಿಸಬೇಡಿ. ಸತ್ತ ತಿಮಿಂಗಿಲದ ಹೊಟ್ಟೆಯ ಚಿತ್ರ ನೋಡಿ ಬಂದ ರಾತ್ರಿ ನನ್ನ ಮಗಳು ನಿದ್ದೆ ಮಾಡಲಿಲ್ಲ. ಮರುದಿನ ನೀರು ಕುಡಿಯಲು ಕೂಡ ಅವಳಿಗೆ ಅಪರಾಧಿ ಭಾವ. ಭಯ ಹುಟ್ಟಿಸಿ ಕಲಿಸಿದ ಅಭ್ಯಾಸ ಭಯ ಇಳಿದಾಗ ತಾನೂ ಇಳಿಯುತ್ತದೆ. ಇನ್ನೊಂದು: ಎಲ್ಲ ಮಕ್ಕಳ ಮನೆಯಲ್ಲೂ ಅತಿಯಾಗಿ ಕೊಳ್ಳುವುದಿಲ್ಲ. ಅಕ್ಕನ ಅಂಗಿಯನ್ನು ತಂಗಿ ತೊಡುವ, ತೇಪೆ ಹಾಕಿದ ಚೀಲ ಹೊತ್ತು ಬರುವ ಮಗುವಿನ ಮುಂದೆ ‘ಕಡಿಮೆ ಬಳಸಿ’ ಎಂದು ಭಾಷಣ ಬಿಗಿದರೆ ಅದು ಗಾಯಕ್ಕೆ ಉಪ್ಪು. ನಿಜ ಹೇಳಬೇಕೆಂದರೆ ಆ ತರಗತಿಯಲ್ಲಿ ಈ ವಿಷಯದ ಮೇಷ್ಟ್ರು ಆ ಮಗುವೇ. ಹಾಗೆಂದು ಅದನ್ನು ಎದ್ದು ನಿಲ್ಲಿಸಿ ಹೊಗಳುವುದೂ ಬೇಡ. ತೇಪೆ ಎಲ್ಲರ ಚೀಲದಲ್ಲೂ ಸಾಮಾನ್ಯವಾಗುವಂತೆ ಮಾಡಿದರೆ ಸಾಕು.

ಅದಕ್ಕೇ ರಿಪೇರಿಗೆ ವಾರದಲ್ಲಿ ಒಂದು ಗಂಟೆ ಕೊಡಿ. ಗುಂಡಿ ಹೊಲಿಯುವುದು, ಪುಸ್ತಕದ ಬೆನ್ನು ಅಂಟಿಸುವುದು, ಸಡಿಲವಾದ ತಿರುಪು ಬಿಗಿ ಮಾಡುವುದು. ಆಮ್‌ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ ನೆರೆಹೊರೆಯವರು ಒಟ್ಟಿಗೆ ಕುಳಿತು ಕೆಟ್ಟ ವಸ್ತು ಸರಿಪಡಿಸುವ ‘ರಿಪೇರಿ ಕೆಫೆ’ ಶುರುವಾಗಿ ಅನೇಕ ದೇಶಗಳಿಗೆ ಹಬ್ಬಿತು. ಫ್ರಾನ್ಸ್ 2021ರಲ್ಲಿ ಮೊಬೈಲ್, ಲ್ಯಾಪ್‌ಟಾಪ್‌ನಂಥ ಕೆಲವು ವಸ್ತುಗಳ ಮೇಲೆ ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಹತ್ತಕ್ಕೆ ಅಂಕ ನಮೂದಿಸುವುದನ್ನು ಕಡ್ಡಾಯ ಮಾಡಿತು. ಮಕ್ಕಳಿಗೆ ಅಂಕದ ಭಾಷೆ ಚೆನ್ನಾಗಿ ಗೊತ್ತು. ತಮ್ಮ ಕಂಪಾಸ್ ಪೆಟ್ಟಿಗೆಗೂ ನೀರಿನ ಬಾಟಲಿಗೂ ಅವರೇ ಅಂಕ ಹಾಕಲಿ.

ಶಾಲೆಯ ಬುಟ್ಟಿಯನ್ನೂ ಒಮ್ಮೆ ತೂಗಿ, ತೂಕವನ್ನು ಸೂಚನಾ ಫಲಕದಲ್ಲಿ ಬರೆಯಿರಿ. ಪ್ರತಿ ಪುಸ್ತಕಕ್ಕೂ ಪ್ಲಾಸ್ಟಿಕ್ ಹೊದಿಕೆ ಇರಲೇಬೇಕೆಂಬ ನಿಯಮ, ಅರ್ಧ ಖಾಲಿ ಇರುವ ನೋಟ್‌ಬುಕ್ಕನ್ನು ಮುಂದಿನ ತರಗತಿಗೆ ತರಬಾರದೆಂಬ ನಿಯಮ, ‘ಭೂಮಿ ಉಳಿಸಿ’ ಎಂದು ಲ್ಯಾಮಿನೇಟ್ ಮಾಡಿಸಿ ನೇತುಹಾಕಿದ ಫಲಕಗಳು, ಇವುಗಳ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ. ಮಕ್ಕಳು ಅವನ್ನು ನೋಡುತ್ತಿದ್ದಾರೆ.

ಈ ವರ್ಷದ ಪ್ರದರ್ಶನದ ಸುತ್ತೋಲೆ ಇನ್ನೂ ಬಂದಿಲ್ಲ. ಬಂದರೆ ನಮ್ಮ ಮನೆಯಿಂದ ಬರುವುದು ಮಗಳ ಶಾಲೆಯ ಚೀಲ. ಅದರ ಜಿಪ್ ಎಳೆದರೆ ಹಲ್ಲು ಕೂಡುತ್ತಿರಲಿಲ್ಲ. ಹೊಸ ಚೀಲ ಕೊಳ್ಳಲು ಹೊರಟಿದ್ದೆವು. ಜಿಪ್ಪಿನ ಎಳೆಯುವ ತುಂಡು ಸವೆದು ಅಗಲವಾಗಿರುತ್ತದೆ, ಇಕ್ಕಳದಲ್ಲಿ ಅದರ ಎರಡೂ ಅಂಚನ್ನು ಮೆಲ್ಲಗೆ ಒತ್ತಿದರೆ ಸಾಕು ಎಂದು ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ತೋರಿಸಿಕೊಟ್ಟರು. ಒತ್ತಿದ್ದು ಮಗಳೇ. ಮೊದಲ ಸಲ ಹೆಚ್ಚು ಒತ್ತಿ ಸಿಕ್ಕಿಹಾಕಿಕೊಂಡಿತು, ಎರಡನೆಯ ಸಲ ಸರಿಹೋಯಿತು. ಮೇಲೆ ಮಿನುಗು ಪುಡಿ ಇಲ್ಲ, ನೋಡುವುದಕ್ಕೆ ಏನೂ ವಿಶೇಷವಿಲ್ಲ. ಬಹುಮಾನ ಕೊಡದಿದ್ದರೂ ಬೇಸರವಿಲ್ಲ. ಶುಕ್ರವಾರ ಸಂಜೆಯೇ ಹಿಂದಿರುಗಿಸಿಬಿಡಿ, ಸೋಮವಾರ ಅವಳಿಗೆ ಅದು ಬೇಕು.

ಇತಿ,
ರಾಕೆಟ್ ಮಾಡಿದ ತಂದೆ